ಕಾಕಾ ಎತ್ತುತ್ತಿದ್ದ ಭಾರ

ನಮ್ಮ ಮನೆಯಲ್ಲಿ ನನ್ನ ಪ್ರೀತಿಯನ್ನು ಮೊದಲು ಒಪ್ಪಿಕೊಂಡವಳು ನನ್ನ ಅಜ್ಜಿ. ಆದರೆ ಅವಳು ಒಪ್ಪಿಕೊಂಡದ್ದು ನನ್ನನ್ನಲ್ಲ, ಸತ್ತುಹೋಗಿದ್ದ ನನ್ನ ಕಾಕಾನನ್ನು. ಇದನ್ನು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಇಳಕಲ್ಲಿನಲ್ಲಿ ನಮ್ಮದು ನೇಕಾರರ ಮನೆ. ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಕಾಕಾ ಅಪ್ಪನ ತಮ್ಮ. ಮದುವೆಯಾಗಿರಲಿಲ್ಲ. ಇಚಲಕರಂಜಿಗೆ ಪವರ್‌ಲೂಮ್ ಕೆಲಸಕ್ಕೆಂದು ಹೋದವನು ಅಲ್ಲಿ ಕರೆಂಟ್ ಹೊಡೆದು ಸತ್ತ. ನಾನಾಗ ತೊಟ್ಟಿಲಲ್ಲಿದ್ದ ಹೆಣ್ಣುಕೂಸು. ಬೇಸಿಗೆ ದಿನ, ಹೆಣ ಊರಿಗೆ ತರುವಷ್ಟು ಹೊತ್ತು ತಡೆಯುವುದಿಲ್ಲವೆಂದು ಅಲ್ಲೇ ಮಣ್ಣು ಮಾಡಿದರು. ಅಪ್ಪ ಬಟ್ಟೆಯ ಗಂಟು ತಂದು ಆಯಿಯ ಮುಂದೆ ಇಟ್ಟ. ಮಗನ ಮುಖ ನೋಡದೆ ಆಯಿ ಅವನನ್ನು ಸತ್ತವರ ಲೆಕ್ಕಕ್ಕೆ ಸೇರಿಸಲಿಲ್ಲ. ಕೇಳಿದವರಿಗೆ "ಅಂವ ಅಲ್ಲೇ ಉಳದಾನ" ಎನ್ನುತ್ತಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಗಟ್ಟಿ ಹೆಂಗಸು ಎಂದು ಓಣಿಯವರು ಹೊಗಳಿದರು, ಆಮೇಲೆ ಮರೆತರು.

ಕಾರಹುಣ್ಣಿಮೆಗೆ ಗುಂಡುಕಲ್ಲು ಎತ್ತುವುದರಲ್ಲಿ ಕಾಕಾನನ್ನು ಸರಿಗಟ್ಟುವವರು ಇರಲಿಲ್ಲವಂತೆ. ಅವನ ಕಲ್ಲು ನಮ್ಮ ಹಿತ್ತಲಲ್ಲಿ ಬಿದ್ದಿತ್ತು. ನನಗೆ ಹದಿನಾರು ತುಂಬಿದ ವರ್ಷ, ಒಂದು ಮಧ್ಯಾಹ್ನ, ಅವ್ವನ ಮೇಲಿನ ಸಿಟ್ಟಿಗೆ ನಾನು ಅದನ್ನು ತಬ್ಬಿ ಎತ್ತಿಬಿಟ್ಟೆ. ಸಿಟ್ಟು ಯಾತಕ್ಕೆ ಎಂಬುದು ಈಗ ನೆನಪಿಲ್ಲ, ನನಗೆ ಸಿಟ್ಟಿಗೆ ಕಾರಣ ಬೇಕಾಗುತ್ತಲೂ ಇರಲಿಲ್ಲ. ಕಲ್ಲು ಮೊಣಕಾಲಿಗೆ ಬಂತು, ಎದೆಗೆ ಬಂತು, ಹೆಗಲಿಗೆ ಏರಿತು. ಭಾರವೇ ಅನ್ನಿಸಲಿಲ್ಲ. ಒಳಗೆ ಅಪ್ಪನ ಮಗ್ಗದ ಸದ್ದು ನಿಂತಿತ್ತು. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಆಯಿ. ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲ ಆಚೆ, ಸ್ವಲ್ಪ ಮೇಲೆ, ನನಗಿಂತ ಎತ್ತರದ ಯಾರನ್ನೋ ನೋಡುತ್ತಿದ್ದಳು.

"ಬಂದ್ಯೇನೋ ನನ್ನಪ್ಪಾ" ಎಂದಳು.

ಅಂದಿನಿಂದ ನನ್ನ ತಾಟಿಗೆ ಎರಡು ರೊಟ್ಟಿ ಹೆಚ್ಚು ಬೀಳತೊಡಗಿದವು. ಅವ್ವ ಕೇಳಿದರೆ, ದುಡಿಯೋ ಗಂಡಮಗ, ಉಣ್ಣಲಿ ಬಿಡು, ಅನ್ನುತ್ತಿದ್ದಳು ಆಯಿ. ವಯಸ್ಸಾಯಿತು, ಅರಳುಮರಳು ಎಂದು ಅವ್ವ ನಕ್ಕಳು. ನಾನೂ ನಕ್ಕೆ. ಆದರೆ ಮಧ್ಯಾಹ್ನ ಕರೆಂಟ್ ಹೋಗಿ ಓಣಿಯ ಪವರ್‌ಲೂಮ್‌ಗಳೆಲ್ಲ ಒಮ್ಮೆಗೇ ನಿಂತಾಗ ಆಯಿ ನನ್ನ ಹತ್ತಿರ ಬಂದು ಕೂರುತ್ತಿದ್ದಳು. ಆ ಹೊತ್ತಿನಲ್ಲಿ ನನಗೆ ನಗು ಬರುತ್ತಿರಲಿಲ್ಲ. ಅಲ್ಲಿ ಊಟ ಸರಿ ಸಿಗತಿತ್ತೇನು, ಮಲಗಾಕ ಜಾಗ ಹೆಂಗಿತ್ತು ಎಂದು ಕೇಳುವಳು. ಒಂದು ದಿನ ಬೇಸತ್ತು, ತಗಡಿನ ಖೋಲಿ, ಮಗ್ಗುಲಲ್ಲಿ ಎಣ್ಣೆ ಗಾಣ, ರಾತ್ರಿಯೆಲ್ಲ ಶೇಂಗಾ ಹಿಂಡಿಯ ವಾಸನೆ ಎಂದೆ. ಬಾಯಿಗೆ ಬಂದದ್ದು ಹೇಳಿದ್ದೆ. ಸಂಜೆ ಅಪ್ಪ ಅದನ್ನು ಕೇಳಿ ಮಗ್ಗದ ಲಾಳಿ ಕೆಳಗಿಟ್ಟ. ಕಾಕಾನ ಖೋಲಿಯ ಮಗ್ಗುಲಲ್ಲಿ ಗಾಣ ಇದ್ದದ್ದು ಹೌದು, ಇದನ್ನು ನಿನಗೆ ಯಾರು ಹೇಳಿದರು ಎಂದು ಕೇಳಿದ. ಯಾವಾಗಲೋ ಅಪ್ಪನ ಬಾಯಲ್ಲೇ ಕೇಳಿರಬೇಕು ಎಂದು ನಾನು ವಾದಿಸಿದೆ. ಈಗಲೂ ಹಾಗೇ ವಾದಿಸುತ್ತೇನೆ.

ಕಾಲೇಜಿಗೆ ಹುನಗುಂದಕ್ಕೆ ಹೋಗತೊಡಗಿದಾಗ ಅಲ್ಲೊಬ್ಬ ಸರ್ ಹಳೇ ಗೋಡೌನಿನಲ್ಲಿ ಜಿಮ್ ನಡೆಸುತ್ತಿದ್ದರು. ಮಧ್ಯಾಹ್ನ ಹುಡುಗಿಯರಿಗೆಂದು ಬಾಗಿಲು ತೆರೆಯುತ್ತಿದ್ದರು. ಹುಡುಗಿಯರು ಎಂದರೆ ಇಬ್ಬರೇ, ನಾನು ಮತ್ತು ಬಾದಾಮಿಯ ಒಬ್ಬಳು. ಅವಳು ಹುನಗುಂದದಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಪವರ್‌ಲಿಫ್ಟಿಂಗ್ ಎಂಬ ಹೆಸರನ್ನು ನಾವು ಅಲ್ಲೇ ಕೇಳಿದ್ದು. ತೂಕ ಏರಿಸಿದ ಕಬ್ಬಿಣದ ಬಾರನ್ನು ಹೆಗಲ ಹಿಂದೆ ಹೊತ್ತು ಕುಳಿತು ಏಳುವ ಸ್ಕ್ವಾಟ್ ನನಗೆ ಬಹಳ ಒಗ್ಗಿತು. ಏಳಲಾಗದಿದ್ದರೆ ಹಿಡಿಯಲೆಂದು ಹಿಂದೆ ಒಬ್ಬರು ನಿಲ್ಲಬೇಕು. ನಾನು ಯಾರನ್ನೂ ನಿಲ್ಲಗೊಡುತ್ತಿರಲಿಲ್ಲ. ಜಂಬ ಎಂದು ಸರ್ ಬೈದರು. ಜಂಬವಲ್ಲ. ತಳ ಮುಟ್ಟಿದಾಗ ಬೆನ್ನ ಹಿಂದೆ ಆಗಲೇ ಯಾರೋ ಬಗ್ಗಿ ನಿಂತಂತಿರುತ್ತಿತ್ತು. ಇನ್ನೊಬ್ಬರಿಗೆ ಅಲ್ಲಿ ಜಾಗ ಇರುತ್ತಿರಲಿಲ್ಲ. ಇದನ್ನು ಬಾದಾಮಿಯವಳಿಗೆ ಮಾತ್ರ ಹೇಳಿದೆ. ಅವಳು ನಗಲಿಲ್ಲ. ನನ್ನ ಬೆನ್ನ ಹಿಂದೆ ಕೈಯಾಡಿಸಿ ನೋಡಿ, ಈಗ ಇಲ್ಲ ಎಂದಳು. ಅವಳ ಮೇಲೆ ನನಗೆ ಮನಸ್ಸಾದದ್ದು ಬಹುಶಃ ಆಗಲೇ.

ಇಂದು ನಮ್ಮಂಥವರಿಗೆ ಹೆಸರುಗಳಿವೆ, ಪೇಪರಿನಲ್ಲಿ ಬರುತ್ತವೆ. ಆಗ ನಮ್ಮ ಹತ್ತಿರ ಒಂದು ಹೆಸರೂ ಇರಲಿಲ್ಲ. ಶನಿವಾರ ಅವಳು ನನ್ನ ಜೊತೆ ಇಳಕಲ್ಲಿಗೆ ಬರುತ್ತಿದ್ದಳು, ನನ್ನ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದಳು, ಅಷ್ಟೇ. ಹಾಗೆ ತಿಕ್ಕುವುದನ್ನು ಮೊದಲ ಸಲ ಕಂಡ ಆಯಿ ಒಳಗೆ ಹೋಗಿ ಅವ್ವನಿಗೆ ಹೇಳಿದಳು: "ಸೊಸಿ ಬಂದಾಳ, ಚಾ ಇಡು."

ಅವ್ವ ಬಿದ್ದು ಬಿದ್ದು ನಕ್ಕಳು. ಓಣಿಗೆಲ್ಲ ಅದು ನಗೆಯ ಮಾತಾಯಿತು. ಆಯಿ ಮಾತ್ರ ನಗದೆ ಅವಳಿಗೆ ತಲೆ ಬಾಚಿದಳು, ಹಬ್ಬಕ್ಕೆ ಕುಪ್ಪಸದ ಖಣ ಕೊಟ್ಟು ಹಸಿರು ಬಳೆ ಇಡಿಸಿದಳು, ನಮ್ಮಿಬ್ಬರಿಗೂ ಒಂದೇ ಖೋಲಿಯಲ್ಲಿ ಹಾಸಿಗೆ ಹಾಸಿ ಬಾಗಿಲು ಎಳೆದುಕೊಂಡು ಹೋದಳು. ಊರು ತಿರುಗಿದರೂ ನಮಗೆ ಅಂಥ ಜಾಗ ಸಿಗುತ್ತಿರಲಿಲ್ಲ. ಬಾದಾಮಿಯವಳಿಗೆ ಅಷ್ಟೇ ಸಾಕಿತ್ತು. ಇರಲಿ ಬಿಡು, ಒಬ್ಬರಾದರೂ ಬಾಯಿತುಂಬ ಕರೆಯುತ್ತಾರಲ್ಲ ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ನನ್ನ ಪ್ರೀತಿಗೆ ಜಾಗವಿತ್ತು, ನನಗಿರಲಿಲ್ಲ. ನಾನು ಎತ್ತಿದ್ದು ನಾನು ಎತ್ತಿದ್ದಲ್ಲ, ನಾನು ಮೆಚ್ಚಿದ್ದು ನಾನು ಮೆಚ್ಚಿದ್ದಲ್ಲ. ನಾನೆಂಬವಳು ಕಾಕಾ ಇಳಿದುಕೊಂಡಿದ್ದ ಖೋಲಿ.

ಜಿಲ್ಲಾ ಸ್ಪರ್ಧೆ ಬಾಗಲಕೋಟೆಯಲ್ಲಿತ್ತು. ಗೆದ್ದರೆ ರಾಜ್ಯಮಟ್ಟಕ್ಕೆ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಮೈಕಿನಲ್ಲಿ ನನ್ನ ಹೆಸರು ಕೂಗುತ್ತಾರೆ, ಎತ್ತಿದವಳು ನಾನು ಎಂದು ನಾಲ್ಕು ಜನರೆದುರು ಸಾಬೀತಾಗುತ್ತದೆ ಎಂಬುದು ನನ್ನ ಆಸೆ. ಆಯಿ ತಾನೂ ಬರುತ್ತೇನೆಂದು ಹಟ ಹಿಡಿದು ಬೆಳಗಿನ ಬಸ್ಸಿಗೆ ನಮ್ಮ ಜೊತೆ ಹತ್ತಿದಳು.

ತೂಕ ನೋಡುವಾಗಲೇ ಗುಸುಗುಸು ಶುರುವಾಗಿತ್ತು. ನನ್ನದು ಮೊಟಕು ಕೂದಲು, ದಪ್ಪ ದನಿ, ಅಗಲ ಹೆಗಲು. ಬೇರೆ ತಂಡದ ಮ್ಯಾನೇಜರ್ ಒಬ್ಬ ಎದ್ದು, ಇವರು ಗಂಡುಹುಡುಗನನ್ನು ತಂದಿದ್ದಾರೆ, ಆ ಇನ್ನೊಂದು ಹುಡುಗಿ ಇವನನ್ನು ಬಿಟ್ಟು ಕದಲುವುದಿಲ್ಲ, ನೋಡಿದರೆ ತಿಳಿಯುವುದಿಲ್ಲವೇ ಎಂದ. ಶಾಲೆಯ ಸರ್ಟಿಫಿಕೇಟು ತೋರಿಸಿದರೆ ಅಂಥವು ಬೇಕಾದಷ್ಟು ಸಿಗುತ್ತವೆ ಎಂದ. ಹೆಂಗಸರ ವಿಭಾಗ ನೋಡಿಕೊಳ್ಳುತ್ತಿದ್ದ ಟೀಚರ್ ಬಾಯಿಯವರು ಒಳ್ಳೆಯವರು. ಜಗಳ ಬೇಡ, ಮನೆಯ ಹಿರಿಯರು ಇಲ್ಲೇ ಇದ್ದಾರಲ್ಲ, ಕೇಳಿದರಾಯಿತು ಎಂದು ಆಯಿಯ ಹತ್ತಿರ ಹೋದರು. ಇಕಿ ನಿಮ್ಮ ಮೊಮ್ಮಗಳು ಹೌದಲ್ರಿ ಎಂದು ಕೇಳಿದರು.

ಆಯಿ ಸೆರಗು ಸರಿಮಾಡಿಕೊಂಡು, ಅಭಿಮಾನದಿಂದ, ಹಾಲ್‌ನ ಆ ತುದಿಗೂ ಕೇಳುವಂತೆ ಹೇಳಿದಳು: "ಮೊಮ್ಮಗಳಲ್ರಿ ಯವ್ವಾ. ನನ್ನ ಮಗ ಅಂವ."

ಮ್ಯಾನೇಜರ್ ನಕ್ಕ. ಬಾಯಿಯವರ ಮುಖ ಬಿಳಿಚಿಕೊಂಡಿತು. ಇನ್ನು ದವಾಖಾನೆಗೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಬೇಕಾಗುತ್ತದೆ ಎಂದರು. ಯಾರೆದುರೂ ನಾನು ಬಟ್ಟೆ ಬಿಚ್ಚುವುದಿಲ್ಲ, ಬೇಕಾದರೆ ಈಗಲೇ ಮನೆಗೆ ಹೋಗುತ್ತೇನೆ ಎಂದು ಕೂಗಿದೆ. ಬೆಲ್ಟು ಬಿಚ್ಚಿ ಒಗೆದೆ. ಬಾದಾಮಿಯವಳು ಅದನ್ನು ಎತ್ತಿಕೊಂಡು ಬಂದು ಆಯಿಯ ಮುಂದೆ ಕುಳಿತಳು. ಅವಳು ಹೇಳಿದ್ದಿಷ್ಟು: ನೀವು ಖರೆ ಹೇಳದಿದ್ದರೆ ಇವರು ಇಕಿಯನ್ನು ಎತ್ತಲು ಬಿಡುವುದಿಲ್ಲ. ಇಕಿ ಯಾರು ಎಂದು ಹೇಳ್ರಿ. ನಿಮ್ಮ ಮಗ ಎಲ್ಲಿದ್ದಾನೆ ಎಂದೂ ಹೇಳ್ರಿ.

ಆಯಿ ನನ್ನನ್ನು ಹತ್ತಿರ ಕರೆದಳು. ಎರಡೂ ಕೈಯಿಂದ ನನ್ನ ಮುಖ ಹಿಡಿದು ಗದ್ದ, ಕೆನ್ನೆ, ಹುಬ್ಬು ಸವರಿದಳು. ಕತ್ತಲಲ್ಲಿ ಪೆಟ್ಟಿಗೆಯೊಳಗೆ ಏನನ್ನೋ ಹುಡುಕುವವರ ಹಾಗೆ ಸವರಿದಳು. ಅವಳ ಬೆರಳು ತಣ್ಣಗಿದ್ದವು. ಹುಡುಕಿದ್ದು ಸಿಗಲಿಲ್ಲವೆಂದು ಕಾಣುತ್ತದೆ. ಕೈ ಬಿಟ್ಟು ಬಾಯಿಯವರ ಕಡೆ ತಿರುಗಿದಳು.

"ಇಕಿ ನನ್ನ ಹಿರಿ ಮಗನ ಮಗಳ್ರಿ" ಎಂದಳು. ಆಮೇಲೆ, "ಸಣ್ಣಾಂವ ಸತ್ತಾನ್ರಿ" ಎಂದಳು.

ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಬಾಯಿಯವರು ಮ್ಯಾನೇಜರನನ್ನು ಕೂಡಿಸಿ ನನ್ನ ಹೆಸರು ಕೂಗಿಸಿದರು. ನಾನು ಬಾರಿನ ಕೆಳಗೆ ಹೋಗಿ ಹೆಗಲು ಕೊಟ್ಟೆ. ತಳಕ್ಕೆ ಇಳಿದಾಗ ಬೆನ್ನ ಹಿಂದೆ ಎಂದಿನಂತೆ ಅವನಿದ್ದ. ಕಿವಿಯ ಹತ್ತಿರ ಒಂದು ದೀರ್ಘ ಉಸಿರು. ಎದ್ದೆ. ಬಾರನ್ನು ಸ್ಟ್ಯಾಂಡಿಗೆ ಇಡುವ ಹೊತ್ತಿಗೆ, ಬಸ್ಸಿನ ಸೀಟಿನಲ್ಲಿ ಮಗ್ಗುಲಲ್ಲಿದ್ದವರು ತಮ್ಮ ಊರು ಬಂತೆಂದು ಎದ್ದುಹೋದರೆ ಆಗುವಂತೆ, ಬೆನ್ನ ಹಿಂದೆ ತೆರವಾಯಿತು. ಎತ್ತಿದ್ದು ಸರಿ ಎಂದು ಮೂವರು ಜಡ್ಜುಗಳೂ ಬಿಳಿ ಬಾವುಟ ಎತ್ತಿದರು. ಗೆದ್ದೆ.

ಇಳಕಲ್ಲಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಆಯಿ ಮನೆಗೆ ಬಂದವಳೇ ಬಾದಾಮಿಯವಳ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದು ಕೂಡಿಸಿದಳು. ಕೈಕಾಲು ತೊಳೆಯಲು ಇರಬೇಕು ಎಂದುಕೊಂಡೆ. ಆಯಿ ಖಾರ ಅರೆಯುವ ಸಣ್ಣ ಗುಂಡುಕಲ್ಲು ತೆಗೆದುಕೊಂಡಳು. ಹುಡುಗಿಯ ಕೈಯನ್ನು ಬಚ್ಚಲ ಕಟ್ಟೆಯ ಮೇಲಿಟ್ಟು ಹಸಿರು ಬಳೆಗಳನ್ನು ಮಣಿಕಟ್ಟಿಗೆ ಸರಿಸಿದಳು. ಮೆಲ್ಲಗೆ, ನೋವಾಗದಂತೆ ಸರಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಗಂಡ ಸತ್ತ ಮೇಲೆ ಸೊಸೆಗೆ ಮಾಡಬೇಕಾದದ್ದನ್ನು ಮಾಡುತ್ತಿದ್ದಳು, ಅಷ್ಟೇ.

ಬಾದಾಮಿಯವಳು ಹೆದರಿ ಬಿಳುಪಾಗಿದ್ದಳು. ಆದರೂ ಕೈ ಎಳೆದುಕೊಳ್ಳಲಿಲ್ಲ. ಅದನ್ನು ಕಂಡು ನನಗೆ ಎದೆ ಒಡೆಯಿತು. ಕಲ್ಲು ಮೇಲೆದ್ದಿತ್ತು. ನಾನು ಆಯಿಯ ರಟ್ಟೆ ಹಿಡಿದೆ.

"ಆಯಿ, ಆ ಬಳಿ ಕಾಕಾನ ಹೆಸರಿನ್ಯಾಗ ಇಲ್ಲ."

"ಮತ್ಯಾರ ಹೆಸರಿನ್ಯಾಗ ಅದಾವ?"

"ನನ್ನ ಹೆಸರಿನ್ಯಾಗ. ನಾ ಇನ್ನೂ ಜೀವಂತ ಅದೇನಿ."

ದೀಪ ಹಿಡಿದುಕೊಂಡು ಅವ್ವ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. ಮುದುಕಿಯ ಅರಳುಮರಳೆಂದು ನಗುವುದಕ್ಕೆ ಇನ್ನು ಅವಳಿಗೆ ದಾರಿಯಿರಲಿಲ್ಲ, ನಮಗೆ ಮರೆಯೂ ಇರಲಿಲ್ಲ. ಆಯಿ ಕಲ್ಲನ್ನು ಕೆಳಗಿಟ್ಟಳು. ನನ್ನನ್ನು ನೋಡಿದಳು. ಈ ಸಲ ಹೆಗಲ ಆಚೆ ನೋಡಲಿಲ್ಲ, ನನ್ನ ಕಣ್ಣನ್ನೇ ನೋಡಿದಳು. ಆಮೇಲೆ ಬಚ್ಚಲಲ್ಲೇ ಕುಸಿದು ಅಳತೊಡಗಿದಳು. ಅಷ್ಟು ವರ್ಷ ತಡೆದಿಟ್ಟದ್ದೆಲ್ಲ ಬಂತು. ಓಣಿಯವರು ಓಡಿ ಬಂದು, ಯಾರು ಹೋದರು ಎಂದು ಕೇಳಿದರು. ಸಣ್ಣ ಮಗ ಎಂದಳು. ಯಾವಾಗ ಎಂದು ಯಾರೋ ಕೇಳಿದರು.

"ಇವತ್ತ" ಎಂದಳು ಆಯಿ.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಳಿತು ಅವಳ ಜೊತೆ ಅತ್ತರು.

ಕಾಕಾ ನಿಜಕ್ಕೂ ಹೋದನೆಂದು ನನಗೆ ಮುಂದಿನ ವಾರ ಜಿಮ್ಮಿನಲ್ಲಿ ತಿಳಿಯಿತು. ಅದೇ ತೂಕ ಹೊತ್ತು ಕುಳಿತವಳಿಗೆ ಏಳಲಾಗಲಿಲ್ಲ. ಹಿಂದೆ ಯಾರೂ ಇರಲಿಲ್ಲ. ಸರ್ ಮತ್ತು ಬಾದಾಮಿಯವಳು ಓಡಿ ಬಂದು ಬಾರು ಎತ್ತದಿದ್ದರೆ ಬೆನ್ನು ಮುರಿಯುತ್ತಿತ್ತು. ನನಗೆ ಭಯಕ್ಕಿಂತ ನಾಚಿಕೆಯಾಯಿತು. ಇಷ್ಟು ದಿನ ಬೇಡವಾಗಿದ್ದವನು ಹೋದ ಮೇಲೆ ಅವನಿಲ್ಲದೆ ನಾನು ಏನೂ ಅಲ್ಲವೇ ಎಂದು ಬಸ್ಸಿನಲ್ಲಿ ಅತ್ತೆ.

ಆ ಶನಿವಾರವೂ ಬಾದಾಮಿಯವಳು ನನ್ನ ಜೊತೆ ಮನೆಗೆ ಬಂದಳು. ಅವ್ವ ಅವಳಿಗೆ ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಸೊಸೆ ಎಂದು ಕರೆಯುವವರೂ ಈಗ ಇರಲಿಲ್ಲ. ಅವಳು ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕುಳಿತಳು, ಮುಂದಿನ ವಾರ ಬರುವುದೋ ಬೇಡವೋ ಎಂಬಂತೆ. ನಾನು ಒಳಗೆ ಹೋಗಿ ಆಯಿಗೆ ಸಿಟ್ಟಿನಲ್ಲಿ ಹೇಳಿದೆ, ನಿನ್ನ ಮಗ ಹೋದ, ನನ್ನ ಶಕ್ತಿಯೂ ಹೋಯಿತು, ಮೊನ್ನೆ ಸಾಯುತ್ತಿದ್ದೆ ಎಂದು.

ಆಯಿ ರೊಟ್ಟಿ ಮುರಿಯುತ್ತಿದ್ದಳು. "ಅಂವ ಇಲ್ಲಲ್ಲ" ಎಂದಳು. "ಇನ್ನ ನೀನ ಎತ್ತಬೇಕು."

ಆಮೇಲೆ ತಾಟು ಸರಿಸಿ, ಹೊಸ್ತಿಲಾಚೆ ಕುಳಿತಿದ್ದವಳನ್ನು ಹೆಸರು ಹಿಡಿದು ಕರೆದಳು. ಆ ಹೆಸರನ್ನು ಅವಳು ಅದೇ ಮೊದಲ ಸಲ ಅಂದದ್ದು.

"ಒಳಗ ಬಾ" ಎಂದಳು. "ಇಕಿ ಹಿಂದ ನಿಂದರಾಕ ಈಗ ಯಾರೂ ಇಲ್ಲ. ನೀ ನಿಂದರು."