ಕಲ್ಸೋಮ್ ಕೇಳಿದ ಕ್ಷಮೆ

ತೈಪಿಂಗ್‌ನಿಂದ ಕ್ವಾಲಾಲಂಪುರಕ್ಕೆ ಹದಿನೇಳು ವರ್ಷದಿಂದ ಬಸ್ಸು ಓಡಿಸುವ ಕಲ್ಸೋಮ್ ಹನ್ನೊಂದು ದಿನ ಕೆಲಸವಿಲ್ಲದೆ ಮನೆಯಲ್ಲಿ ಕೂತಳು. ಆಕೆ ಮಾಡಿದ ಅಪರಾಧ, ಹೆದ್ದಾರಿಯಲ್ಲಿ ಕ್ಷಮೆ ಕೇಳಿದ್ದು. ಆ ದಿನ ನಾನು ಅದೇ ಬಸ್ಸಿನ ಮೂರನೇ ಸಾಲಿನಲ್ಲಿದ್ದೆ. ಹೆದ್ದಾರಿಯದು ನಾನೇ ಕಣ್ಣಾರೆ ಕಂಡದ್ದು, ಆಮೇಲಿನದು ಆಕೆಯ ಬಾಯಿಂದಲೇ ಕೇಳಿದ್ದು.

ಕಲ್ಸೋಮ್‌ಗೆ ಐವತ್ತೆರಡು. ರಬ್ಬರ್ ಕೈಗವಸಿನ ಕಾರ್ಖಾನೆ ಮುಚ್ಚಿದಾಗ ಹಟ ಹಿಡಿದು ಭಾರಿ ವಾಹನ ಕಲಿತವಳು. "ಬಲಗಡೆ ಲೇನ್‌ನಲ್ಲಿ ಸಂಸಾರ ಹೂಡಬಾರ್ದು. ದಾಟು, ವಾಪಸ್ ಬಾ" ಎಂದು ಹೊಸ ಚಾಲಕರಿಗೆ ಹೇಳುತ್ತಾಳೆ. ಯಾರಾದರೂ ದಾರಿ ಬಿಟ್ಟರೆ ಕೈ ಎತ್ತುತ್ತಾಳೆ, ಬಿಡದಿದ್ದರೂ ಎತ್ತುತ್ತಾಳೆ.

ಶುಕ್ರವಾರ ಮಧ್ಯಾಹ್ನ, ತಾಪಾ ಎಂಬ ಊರು ದಾಟಿದ ಮೇಲೆ, ತಾಳೆ ಎಣ್ಣೆಯ ಟ್ಯಾಂಕರೊಂದು ತೆವಳುತ್ತಿತ್ತು. ಕಲ್ಸೋಮ್ ಇಂಡಿಕೇಟರ್ ಹಾಕಿ ಬಲಕ್ಕೆ ಬಂದಳು. ಅರ್ಧ ದಾಟಿರಲಿಲ್ಲ, ಹಿಂದೆ ಕಪ್ಪು ಕಾರೊಂದು ದೀಪ ಮಿಟುಕಿಸುತ್ತ, ಹಾರ್ನ್ ಒತ್ತುತ್ತ ಅಂಟಿಕೊಂಡಿತು. ಬಸ್ಸು ಎಲ್ಲಿಗೆ ಹೋಗಬೇಕಿತ್ತು, ಟ್ಯಾಂಕರಿನ ಹೊಟ್ಟೆಯೊಳಕ್ಕೆ? ದಾಟಿದ ಕೂಡಲೇ ಆಕೆ ಎಡಕ್ಕೆ ಸರಿದು ಕೈ ಎತ್ತಿದಳು. ಆ ಮಹಾಶಯ ಮುಂದೆ ನುಗ್ಗಿ, ಬಸ್ಸಿಗೆ ಅಡ್ಡ ಬಂದು, ಬ್ರೇಕ್ ಒತ್ತಿಯೇಬಿಟ್ಟ. ಮೂವತ್ತೆಂಟು ಜನರ ಹಣೆ ಮುಂದಿನ ಸೀಟಿಗೆ ಬಡಿಯಿತು. ಬಸ್ಸು ಹೇಗೋ ರಸ್ತೆಯಂಚಿನಲ್ಲಿ ನಿಂತಿತು.

ಅವನು ಸ್ಟೀರಿಂಗ್ ಲಾಕ್‌ನ ಕಬ್ಬಿಣದ ಸರಳು ಹಿಡಿದು ಇಳಿದ. "ಇಳಿಯೇ ಕೆಳಗೆ! ಇಳೀತೀಯೋ, ಗಾಜು ಒಡೀಲೋ?"

ಬಸ್ಸಿನೊಳಗೆ ನಿವೃತ್ತ ರೈಲ್ವೆ ನೌಕರ ಮುನಿಯಾಂಡಿ ಎದ್ದು ನಿಂತರು. "ಬಾಗ್ಲು ತೆಗಿಯಮ್ಮಾ, ನಾನ್ ವಿಚಾರಿಸ್ಕೋತೀನಿ ಅವನ್ನ."

"ಕೂತ್ಕೊಳಿ ಅಣ್ಣಾ. ಆ ಮೆಟ್ಲು ಇಳಿಯೋಕೇ ನಿಮಗೆ ಹತ್ತು ನಿಮಿಷ ಬೇಕು."

ಬಾಗಿಲು ತೆಗೆಯದೆ ಆಕೆ ಕಿಟಕಿಯನ್ನು ನಾಲ್ಕು ಬೆರಳಿನಷ್ಟು ಸರಿಸಿದಳು. "ತಪ್ಪಾಯ್ತು ಸಾರ್, ಕ್ಷಮಿಸಿ. ದಾರಿ ಬಿಡಿ, ಒಳಗೆ ಜನ ಇದಾರೆ."

ಅವನು ಪಕ್ಕದ ಕನ್ನಡಿಗೊಂದು ಏಟು ಹಾಕಿ ಹೋದ. ಜೀವ ಉಳಿಯಿತೆಂದು ನಾವು ಆಕೆಯ ಕೈ ಹಿಡಿಯಬೇಕಿತ್ತು. ಏನು ಮಾಡಿದೆವು? "ನಿಂದೇನ್ ತಪ್ಪಿತ್ತು? ನಮ್ ಮಾನಾನೂ ಕಳೆದ್ಯಲ್ಲಾ!" ಎಂದು ಮುನಿಯಾಂಡಿ ಗೊಣಗಿದರು. ನಾವೆಲ್ಲ ಹೂಂಗುಟ್ಟಿದೆವು, ನಾನೂ ಸೇರಿ. ಹಿಂದಿನ ಸೀಟಿನವಳು ಕೊನೆಯ ಇಪ್ಪತ್ತು ಸೆಕೆಂಡು ಮಾತ್ರ ವಿಡಿಯೊ ಮಾಡಿದ್ದಳು. ಸಂಜೆಯೊಳಗೆ ದೇಶವೆಲ್ಲ ನೋಡಿತು: ಬಸ್ ಚಾಲಕಿ ತಪ್ಪೊಪ್ಪಿಕೊಂಡಳು!

ಮರುದಿನ ಬಸ್ ಕಂಪನಿಯ ಮ್ಯಾನೇಜರ್ ಸುಹೈಮಿ ಒಂದು ಕಾಗದ ಮುಂದಿಟ್ಟ. 'ಅಜಾಗರೂಕತೆಯಿಂದ ಓಡಿಸಿದ್ದೇನೆ' ಎಂದು ಅದರಲ್ಲಿತ್ತು. ರುಜು ಹಾಕಿದರೆ ಕೆಲಸ, ಇಲ್ಲದಿದ್ದರೆ ಇಲ್ಲ.

"ಹಾಕಿಬಿಡಿ ಅಕ್ಕಾ. ಹೇಗೂ ಕ್ಷಮೆ ಕೇಳಿದೀರಲ್ಲ, ಇದೂ ಅದೇ."

"ಅದು ಬೇರೆ, ಇದು ಬೇರೆ. ಅಲ್ಲಿ ನನ್ ಬೆನ್ನ ಹಿಂದೆ ಮೂವತ್ತೆಂಟು ಜನ ಇದ್ರು. ಇಲ್ಲಿ ನಾನ್ ಸೈನ್ ಹಾಕ್ದಿದ್ರೆ ಯಾರ್ ಸಾಯ್ತಾರೆ?"

ಆ ಕಪ್ಪು ಕಾರಿನ ನಂಬರನ್ನು ಪೊಲೀಸರಿಗೂ ಸುಹೈಮಿಗೂ ನಾನೇ ಬರೆದುಕೊಟ್ಟೆ. ಪೊಲೀಸರು "ನೋಡೋಣ" ಅಂದರು. ಸುಹೈಮಿಯೂ "ನೋಡೋಣ" ಅಂದ. ಸರಳು ಹಿಡಿದವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹೊಡೆಯುವುದು ಗಂಡಸುತನ, ತಡೆದುಕೊಳ್ಳುವುದು ಅಪರಾಧ. ನಮ್ಮ ಹೆದ್ದಾರಿ ನಡೆಯುತ್ತಿರುವುದೇ ಈ ಕಾನೂನಿನ ಮೇಲೆ.

ಅಷ್ಟರಲ್ಲಿ ರಾಯಾ ಹಬ್ಬಕ್ಕೆ, ಅಂದರೆ ಈದ್‌ಗೆ, ಊರಿಗೆ ಹೋಗುವವರ ನೂಕುನುಗ್ಗಲು ಶುರುವಾಗಿ ಚಾಲಕರು ಸಾಲದಾದರು. ಹನ್ನೆರಡನೇ ದಿನ ಬೆಳಿಗ್ಗೆ ಸುಹೈಮಿಯೇ ಕರೆಸಿದ. "ಕಾಗದದ ವಿಷಯ ಆಮೇಲೆ ನೋಡೋಣ. ಕೀಲಿ ತಗೊಳ್ಳಿ ಅಕ್ಕಾ."

"ಆಮೇಲೂ ಹಾಕಲ್ಲ. ಮೊದ್ಲು ಅದನ್ನ ನನ್ನೆದುರಿಗೇ ಹರೀರಿ."

"ಜನ ಕಾಯ್ತಿದಾರೆ!"

"ನಾನೂ ಹನ್ನೊಂದು ದಿನ ಕಾದಿದೀನಿ."

ಸುಹೈಮಿ ಹರಿದ. ಕಲ್ಸೋಮ್ ಆ ಚೂರುಗಳನ್ನು ತಾನೇ ಎತ್ತಿ ಕಸದ ಬುಟ್ಟಿಗೆ ಹಾಕಿ ಬಸ್ಸು ಹತ್ತಿದಳು. ಇಪ್ಪತ್ತು ನಿಮಿಷ ತಡವಾಗಿ ಹೊರಟಿತೆಂದು ಒಳಗಿದ್ದವರೆಲ್ಲ ಆಕೆಗೇ ಬೈದರು.