ಆದ್ರೆ ಮೇಡಂ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಇಸ್ತ್ರಿ ಕೋಣೆಯ ಮೇಲ್ವಿಚಾರಕಿ. ಇಸ್ತ್ರಿ ಮಾಡುತ್ತಲೇ ಆ ಹುದ್ದೆಗೆ ಬಂದವಳು. ಸುಕ್ಕು ಬಿಡಿಸಿದಷ್ಟು ಸಲೀಸಾಗಿ ಜನರನ್ನು ನಡೆಸಲಾಗದು ಎಂದು ಗೊತ್ತಾದಾಗ, ಭಾನುವಾರದ ತರಗತಿಗೆ ಸೇರಿ ಕೆಲಸದ ಜಾಗದ ಮನಃಶಾಸ್ತ್ರ ಓದತೊಡಗಿದಳು. ತಪ್ಪು ತೋರಿಸುವ ಮೊದಲು ಹೊಗಳಬೇಕು ಎಂಬ ಪಾಠವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂದಿನಿಂದ ಯಾರ ಮೇಲೂ ದನಿ ಏರಿಸಿದವಳಲ್ಲ.

"ಅಂಚು ಎಷ್ಟು ನೀಟಾಗಿ ಬಂದಿದೆ! ಆದ್ರೆ ಮಡಿಕೆ ಓರೆ ಆಗಿದೆ ನೋಡಿ."

ಯಾರೂ ಎದುರಾಡುತ್ತಿರಲಿಲ್ಲ. ಪಾಠ ಫಲಿಸಿತು ಎಂದುಕೊಂಡಳು.

ಅವಳಿಗೆ ಇಸ್ತ್ರಿ ಪೆಟ್ಟಿಗೆ ಹಿಡಿಯಲು ಕಲಿಸಿದ್ದು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಹಿರಿಯ ಹೆಂಗಸು. ಹೊಸಬರಿಗೆ ಕೆಲಸ ಕಲಿಸಲು ಒಬ್ಬರು ಬೇಕಾದಾಗ ಅವಳು ಹಿಂದೆಮುಂದೆ ನೋಡದೆ ದೊಡ್ಡಕ್ಕನನ್ನೇ ಆರಿಸಿದಳು. ಗಾಜಿನ ಕೋಣೆಗೆ ಕರೆದು, ಮನಸ್ಸು ತುಂಬಿ ಹೊಗಳಿದಳು. ಸಿಹಿ ಸುದ್ದಿ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಮ್ಯಾನೇಜರ್ ಕರೆದರು.

"ಉಳಿದಿದ್ದು ನಾಳೆ ಹೇಳ್ತೀನಿ ದೊಡ್ಡಕ್ಕ," ಎಂದು ಓಡಿದಳು.

ಮರುದಿನ ದೊಡ್ಡಕ್ಕನ ಮೇಜಿನ ಮೇಲೆ ಇಸ್ತ್ರಿ ಮಾಡಿ ಮಡಚಿದ ಏಪ್ರನ್ ಇತ್ತು. ದೊಡ್ಡಕ್ಕ ಇರಲಿಲ್ಲ.

"ಕೆಲಸ ಬಿಟ್ರು ಮೇಡಂ," ಎಂದಳು ಪಕ್ಕದಲ್ಲಿ ಹೊದಿಕೆ ಮಡಚುವವಳು. "ನೀವು ಅಷ್ಟೊಂದು ಹೊಗಳಿದ್ರಂತಲ್ಲ."

"ಹೊಗಳಿದ್ರೆ ಯಾರಾದ್ರೂ ಬಿಡ್ತಾರಾ?"

"ನೀವು ಚೂರು ಹೊಗಳಿದ್ರೇನೇ ನಮ್ಮ ಕೈಕಾಲು ತಣ್ಣಗಾಗುತ್ತೆ. ಅಷ್ಟುದ್ದ ಹೊಗಳಿದ್ರೆ ಹಿಂದೆ ಎಂಥಾ 'ಆದ್ರೆ' ಬರಬೇಕು! ಕಳಿಸೋ ಮೊದಲು ನಾನೇ ಹೋಗ್ತೀನಿ ಅಂದ್ರು." ಅವಳು ನಾಲಿಗೆ ಕಚ್ಚಿಕೊಂಡಳು. "ಇಲ್ಲಿ ನಿಮ್ಮನ್ನ ಆದ್ರೆ ಮೇಡಂ ಅಂತಾರೆ. ಬೇಜಾರು ಮಾಡ್ಕೋಬೇಡಿ."

ಮೇಲ್ವಿಚಾರಕಿಗೆ ನೆತ್ತಿಯ ಮೇಲೆ ಕುದಿಯುವ ಆವಿ ಬಿದ್ದಂತಾಯಿತು. ಯಾರನ್ನು ನೋಯಿಸಬಾರದೆಂದು ಓದಿದ್ದಳೋ ಅವರೆಲ್ಲ ಇಷ್ಟು ದಿನ ತನ್ನ ಒಳ್ಳೆಯ ಮಾತಿಗೇ ನಡುಗುತ್ತಿದ್ದರು! ಕೋಣೆ ಶಾಂತವಾಗಿದೆ ಎಂದು ಹಿಗ್ಗಿದ್ದಳಲ್ಲ, ಅದು ಉಸಿರು ಬಿಗಿಹಿಡಿದವರ ಮೌನ. ಮನೆಯಲ್ಲಿ "ಅಕ್ಷರ ಮುದ್ದಾಗಿದೆ" ಎಂದೊಡನೆ ಮಗಳು ರಬ್ಬರ್ ಕೈಗೆತ್ತಿಕೊಳ್ಳುವುದು ನೆನಪಾಯಿತು.

ಏಪ್ರನ್ ಹಿಡಿದು ದೊಡ್ಡಕ್ಕನ ಮನೆಗೆ ಓಡಿದಳು.

"ಬನ್ನಿ ಮೇಡಂ," ಎಂದಳು ದೊಡ್ಡಕ್ಕ, ಚಪ್ಪಲಿ ಹಾಕಿಕೊಳ್ಳುತ್ತಲೇ. ಇಸ್ತ್ರಿ ಅಂಗಡಿಯೊಂದಕ್ಕೆ ಕೆಲಸ ಕೇಳಲು ಹೊರಟಿದ್ದಳು.

"ಹೊಸಬರಿಗೆ ಕಲಿಸೋ ಕೆಲಸ ನಿಮಗೇ ಅಂತ ಗೊತ್ತು ಮಾಡಿದೀವಿ. ಅದನ್ನೇ ಹೇಳೋಕೆ ಕರೆದಿದ್ದೆ."

ದೊಡ್ಡಕ್ಕನ ಮುಖ ಅರಳಲಿಲ್ಲ. "ಆದ್ರೆ?" ಎಂದಳು.

"ಆದ್ರೆ ಏನೂ ಇಲ್ಲ!"

"ಹೇಳಿಬಿಡಿ ಮೇಡಂ, ತಡ್ಕೋತೀನಿ."

ಓದಿದ್ದೆಲ್ಲ ಗಾಳಿಗೆ ಹಾರಿತು. "ಬುದ್ಧಿ ಇದೆಯಾ ನಿಮಗೆ? ಹೇಳದೆ ಕೇಳದೆ ಹೀಗಾ ಬಿಟ್ಟು ಬರೋದು? ನನ್ನ ಜೀವ ಬಾಯಿಗೆ ಬಂತು!" ಬೀದಿಗೆ ಕೇಳುವಂತೆ ಕೂಗಿದಳು. ಕೂಗಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು.

ದೊಡ್ಡಕ್ಕ ಉಸಿರು ಬಿಟ್ಟು, ಚಪ್ಪಲಿ ಕಳಚಿ ಹೊಸ್ತಿಲ ಮೇಲೆ ಕುಳಿತಳು. "ಅಬ್ಬಾ! ಈಗ ನಂಬಿದೆ ಕಣೇ."

ಆಮೇಲೆ ಅವಳ ಮುಷ್ಟಿಯಲ್ಲಿ ಮುದ್ದೆಯಾಗಿದ್ದ ಏಪ್ರನ್ ಕಡೆ ಕೈ ಚಾಚಿದಳು. "ಕೊಡು ಇಲ್ಲಿ. ಇಸ್ತ್ರಿ ಮಾಡಿದ್ದನ್ನ ಹೀಗಾ ಹಿಡ್ಕೊಳ್ಳೋದು? ಇದನ್ನೇನಾ ನಾನು ನಿಂಗೆ ಕಲಿಸಿದ್ದು?"