ಹುಲುಗಮ್ಮ ಹೇಳಿದ ಸಾಕ್ಷಿ

ಕೆಂಚನಗುಡ್ಡದ ಹುಲುಗಮ್ಮ ಕಳ್ಳಬಟ್ಟಿ ಕಾಸಿ ಮಗ ಮಾರೆಣ್ಣನನ್ನು ಸಾಕಿದವಳು. ೧೯೪೯ರಲ್ಲಿ ಕುಡಿದ ಲಾರಿ ಡ್ರೈವರನೊಬ್ಬ ಅವನ ಮೇಲೆ ಲಾರಿ ಹತ್ತಿಸಿ ಕೊಂದ. ಪಾನನಿಷೇಧದ ಕಾಲ; ಕುಡಿದಿದ್ದನೆಂದರೆ ಕೊಟ್ಟವರಾರೆಂದು ಕೇಳುತ್ತಾರೆ. ಹುಲುಗಮ್ಮನನ್ನು ಉಳಿಸಲು ಊರವರೆಲ್ಲ ಕೋರ್ಟಿನಲ್ಲಿ, “ಅವ ಕುಡಿದಿರಲಿಲ್ರಿ” ಎಂದರು. ಅರ್ಜಿ ಬರೆದು ಬದುಕುವ ಮಹಾಧೈರ್ಯಶಾಲಿ ನಾನೂ, “ಸುಮ್ಕಿರವ್ವಾ” ಎಂದೆ.

“ಸುಮ್ಕಿರೋದು ನಿಮಗ ಬರತೈತ್ರಿ, ನನಗ ಬರಂಗಿಲ್ಲ” ಎಂದವಳು ಕಟಕಟೆ ಹತ್ತಿದಳು. “ನಾನ ಕೊಟ್ಟೀನ್ರಿ. ಕಂಠಮಟ ಕುಡಿದಿದ್ದ.”

ಡ್ರೈವರನಿಗೆ ಆರು ತಿಂಗಳ ಜೈಲಾಯಿತು. ಕಳ್ಳಬಟ್ಟಿಗಾಗಿ ಅವಳಿಗೂ ಆರು ತಿಂಗಳು.

“ಸ್ವಾಮೇರ, ಸಾರಾಯಿಗೆ ಆರು ತಿಂಗಳು ಸರಿ ಐತ್ರಿ. ನನ್ನ ಮಗನ ಜೀವಕ್ಕೂ ಅಷ್ಟ ಏನ್ರಿ?”

ಮ್ಯಾಜಿಸ್ಟ್ರೇಟರು ಮುಂದಿನ ಕೇಸನ್ನು ಕರೆಸಿದರು.